ಹದಡಿ ರಸ್ತೆಯ ಜೆರಾಕ್ಸ್ ಅಂಗಡಿಗೆ ಕೊಟ್ಟ ಐದು ಸಂಶೋಧನಾ ಲೇಖನಗಳು

ದಾವಣಗೆರೆಯಲ್ಲಿ ಜೆರಾಕ್ಸ್ ಅಂಗಡಿಗಳಿಗೆ ಬರವಿಲ್ಲ. ಇಷ್ಟೊಂದು ಕಾಲೇಜುಗಳಿರುವ ಊರಿನಲ್ಲಿ ಅಂಕಪಟ್ಟಿ, ಆಧಾರ್ ಕಾರ್ಡು, ಪ್ರಾಜೆಕ್ಟ್ ವರದಿಗಳ ಪ್ರತಿ ತೆಗೆದೇ ಅವುಗಳ ದಿನ ಕಳೆಯುತ್ತದೆ. ಹದಡಿ ರಸ್ತೆಯ ಬದಿಯ ಒಂದು ಸಣ್ಣ ಅಂಗಡಿಗೆ ನಾವು ಕಳೆದ ತಿಂಗಳು ಒಪ್ಪಿಸಿದ ಕೆಲಸ ಸ್ವಲ್ಪ ಬೇರೆ ಬಗೆಯದು. ನಾವು ಐವರು ನಿವೃತ್ತರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಒಬ್ಬೊಬ್ಬರು ಆರಿಸಿ ತಂದ ಒಂದೊಂದು ಸಂಶೋಧನಾ ಬರಹವನ್ನು ಓದಿ ಚರ್ಚಿಸುವ ರೂಢಿ ಇಟ್ಟುಕೊಂಡಿದ್ದೇವೆ. ಎಲ್ಲವೂ ಅಂತರಜಾಲದಲ್ಲಿ ಉಚಿತವಾಗಿ ದೊರೆಯುವಂಥವೇ. ಆದರೆ ಅರವತ್ತು ದಾಟಿದ ಕಣ್ಣುಗಳಿಗೆ ಫೋನಿನ ಪರದೆ ಒಗ್ಗುವುದಿಲ್ಲವಾದ್ದರಿಂದ ಐದು ಪ್ರತಿ ಮುದ್ರಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸುತ್ತೇವೆ. ಈ ಬಾರಿಯ ಕಟ್ಟಿನಲ್ಲಿ ಕೀಟ, ಕಲೆ, ಗಣಿತ, ಅಪರಾಧದ ಇತಿಹಾಸ ಮತ್ತು ಆರೋಗ್ಯ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಐದು ವಿಷಯಗಳಿದ್ದವು. ಮುದ್ರಣದ ಅಂಗಡಿಯೊಂದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಸಿಗಲಾರದು ಎಂದು ನನಗೆ ಅನ್ನಿಸಿದ್ದು ಕೆಲಸ ಮುಗಿದ ಮೇಲೆ.

ಮೊದಲನೆಯದು ಮೆಕ್ಕೆಜೋಳದ ಲದ್ದಿ ಹುಳುವಿನ ಬಗ್ಗೆ. ಅಮೆರಿಕ ಖಂಡಗಳ ಮೂಲದ ಈ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡು, 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಆಮೇಲೆ ದಾವಣಗೆರೆ ಸೀಮೆಯ ಮೆಕ್ಕೆಜೋಳದ ಸುಳಿಯನ್ನು ಅದು ಹೇಗೆ ಕೊರೆಯಿತೆಂಬುದನ್ನು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಳುವನ್ನು ಗುರುತಿಸಲು ಇರುವ ಲಕ್ಷಣಗಳು ಮುಖ್ಯವಾಗಿ ಎರಡು: ತಲೆಯ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗು ಮಾಡಿದಂಥ ತಿಳಿ ಗೆರೆ, ಮತ್ತು ಬಾಲದ ಸಮೀಪದ ಖಂಡದ ಮೇಲೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳು. ಕಪ್ಪು-ಬಿಳುಪು ಮುದ್ರಣದಲ್ಲಿ ಚುಕ್ಕೆಗಳು ಸ್ಪಷ್ಟವಾಗಿ ಬಂದವು. ‘ವೈ’ ಮಾತ್ರ ಕಂದು ತಲೆಯೊಳಗೆ ಕರಗಿಹೋಯಿತು. ಅಂಗಡಿಯವರು ನಾವು ಕೇಳುವ ಮೊದಲೇ ಇದನ್ನು ಗಮನಿಸಿ, ಆ ಒಂದು ಪುಟವನ್ನು ಬಣ್ಣದಲ್ಲಿ ತೆಗೆಯಲೇ ಎಂದು ಫೋನ್ ಮಾಡಿ ವಿಚಾರಿಸಿದರು. ಬಣ್ಣದ ಪುಟಕ್ಕೆ ಹತ್ತು ರೂಪಾಯಿ, ಎರಡೂ ಬದಿಯ ಕಪ್ಪು-ಬಿಳುಪು ಹಾಳೆಗೆ ಎರಡು ರೂಪಾಯಿ. ಗಿರಾಕಿಯ ಕಾಗದವನ್ನು ಒಮ್ಮೆ ಕಣ್ಣಾಡಿಸಿ ನೋಡುವ ಅಂಗಡಿ ಅಪರೂಪ ಎಂಬ ಕಾರಣಕ್ಕೇ ನಾನು ಇವರಿಗೆ ಮೊದಲ ಅಂಕ ಕೊಡುತ್ತೇನೆ.

ಕಲೆಯ ವಿಷಯದಲ್ಲಿ ಆ ಅಂಕ ಅಷ್ಟಾಗಿ ಉಳಿಯಲಿಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಕೋಟೆಯ ಬದಿಯ ಚಂದ್ರವಳ್ಳಿಯಲ್ಲಿಯೂ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದ ವರದಿಯಿಂದ ಮಡಕೆಗಳ ಭಾಗವನ್ನು ನಮ್ಮ ಗೆಳೆಯರೊಬ್ಬರು ಆರಿಸಿದ್ದರು. ಕಲ್ಲುಕೊಡಲಿಯ ಸಂಸ್ಕೃತಿ, ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿ, ಆಂಧ್ರ ಸಂಸ್ಕೃತಿ ಎಂದು ವೀಲರ್ ಬ್ರಹ್ಮಗಿರಿಯನ್ನು ಮೂರು ಪದರಗಳಾಗಿ ಬಿಡಿಸಿದ್ದು ಬಹುಮಟ್ಟಿಗೆ ಮಡಕೆ ಚೂರುಗಳ ಬಲದಿಂದಲೇ. ಕೆಂಗಂದು ಲೇಪದ ಮೇಲೆ ಬಿಳಿ ಗೆರೆಗಳ ಚಿತ್ತಾರವಿರುವ ಮಡಕೆಗಳ ಚಿತ್ರಗಳು ಮೂಲ ಸ್ಕ್ಯಾನಿನಲ್ಲೇ ಮಂಕಾಗಿದ್ದವು ಎಂಬುದನ್ನು ಒಪ್ಪುತ್ತೇನೆ. ಆದರೆ ಉತ್ಖನನದ ಪದರಗಳನ್ನು ತೋರಿಸುವ ಉದ್ದನೆಯ ನಕ್ಷೆಯನ್ನು ಎ4 ಹಾಳೆಗೆ ಕುಗ್ಗಿಸಿ ಮುದ್ರಿಸಿದ್ದು ಅಂಗಡಿಯ ತಪ್ಪು. ಪದರಗಳ ಸಂಖ್ಯೆಗಳು ಇರುವೆಯ ಸಾಲಿನಂತೆ ಕಾಣುತ್ತಿದ್ದವು. ಎ3 ಹಾಳೆಯ ಯಂತ್ರ ಅವರಲ್ಲಿ ಇದೆ, ಆದರೆ ಅದು ಕಟ್ಟಡದ ನಕ್ಷೆಗಳಿಗೆ ಮಾತ್ರ ಎಂಬಂತೆ ಮೂಲೆಯಲ್ಲಿ ಕೂತಿರುತ್ತದೆ. ಬೇಕೆಂದರೆ ಬಾಯಿಬಿಟ್ಟು ಕೇಳಬೇಕು.

ಅತ್ಯಂತ ಸ್ವಾರಸ್ಯಕರವಾದದ್ದು ಗಣಿತದ ಲೇಖನದ ಅನುಭವ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ ಆರಂಭಿಸಿದ ‘ಆರ್ಕೈವ್’ ಎಂಬ ಉಚಿತ ಜಾಲಸಂಗ್ರಹದಲ್ಲಿ 2023ರ ಮಾರ್ಚ್‌ನಲ್ಲಿ ನಾಲ್ವರು ಸೇರಿ ಒಂದು ಲೇಖನ ಪ್ರಕಟಿಸಿದರು. ಒಂದೇ ಆಕಾರದ ಬಿಲ್ಲೆಗಳಿಂದ ನೆಲವನ್ನೆಲ್ಲ ಸಂದಿಲ್ಲದೆ ಮುಚ್ಚಬೇಕು, ಆದರೆ ಆ ವಿನ್ಯಾಸವನ್ನು ಎಷ್ಟು ದೂರ ಸರಿಸಿದರೂ ಅದು ತನ್ನ ಮೇಲೆ ತಾನೇ ಕೂಡಬಾರದು. ಅಂಥ ಆಕಾರ ಇದೆಯೇ ಎಂಬ ಹಳೆಯ ಪ್ರಶ್ನೆಗೆ ಹದಿಮೂರು ಬದಿಗಳ ‘ಟೋಪಿ’ ಎಂಬ ಆಕಾರವನ್ನು ಅವರು ಉತ್ತರವಾಗಿ ಕೊಟ್ಟಿದ್ದರು. ಇದನ್ನು ಮೊದಲು ಕಂಡುಕೊಂಡ ಡೇವಿಡ್ ಸ್ಮಿತ್ ವೃತ್ತಿಯಿಂದ ಗಣಿತಜ್ಞರಲ್ಲ, ಇಂಗ್ಲೆಂಡಿನ ಒಬ್ಬ ನಿವೃತ್ತ ಮುದ್ರಣ ತಂತ್ರಜ್ಞ. ಕಾಗದ ಕತ್ತರಿಸಿ ಜೋಡಿಸಿ ನೋಡುವುದು ಅವರ ಹವ್ಯಾಸ. ಈ ಮಾತನ್ನು ಹೇಳಿದಾಗ ಅಂಗಡಿಯವರು ಯಂತ್ರ ನಿಲ್ಲಿಸಿ, “ನಮ್ಮ ಕಸುಬಿನವರಾ ಸರ್?” ಎಂದು ಕೇಳಿ, ದಪ್ಪ ಐವರಿ ಹಾಳೆಯ ಮೇಲೆ ಟೋಪಿಗಳನ್ನು ಮುದ್ರಿಸಿಕೊಡಲು ತಾವೇ ಮುಂದಾದರು. ಹಾಳೆಯ ದುಡ್ಡು ಮಾತ್ರ ತೆಗೆದುಕೊಂಡರು.

ಮನೆಗೆ ತಂದು ಕತ್ತರಿಸಿ ಜೋಡಿಸಲು ಕೂತರೆ ಕೆಲವು ಟೋಪಿಗಳು ಒಂದಕ್ಕೊಂದು ಹೊಂದಲೇ ಇಲ್ಲ. ಅರ್ಧ ಗಂಟೆ ನಮ್ಮ ಬುದ್ಧಿಯನ್ನು ನಾವೇ ಬೈದುಕೊಂಡ ಮೇಲೆ ಸ್ಕೇಲು ಹಿಡಿದು ಅಳೆದೆವು. ಒಂದು ಹಾಳೆಯನ್ನು ಮೂಲ ಅಳತೆಯಲ್ಲಿಯೂ ಇನ್ನೊಂದನ್ನು ಪುಟಕ್ಕೆ ಹೊಂದಿಸುವ ಅಳತೆಯಲ್ಲಿಯೂ ಮುದ್ರಿಸಲಾಗಿತ್ತು. ಸಾಮಾನ್ಯ ಬರಹದಲ್ಲಿ ಯಾರ ಕಣ್ಣಿಗೂ ಬೀಳದ ಇಂಥ ವ್ಯತ್ಯಾಸ ಇಲ್ಲಿ ಕೆಲಸವನ್ನೇ ಕೆಡಿಸುತ್ತದೆ. ಮರುದಿನ ಹಾಳೆಯನ್ನು ಬದಲಿಸಿಕೊಟ್ಟರು, ಅದಕ್ಕೆ ಹಣ ಕೇಳಲಿಲ್ಲ. ಒಂದೇ ಬದಿಗೆ ಮುದ್ರಿಸಿದ್ದರಿಂದ ನಮಗೊಂದು ಅನುಕೂಲವೂ ಆಯಿತು: ಈ ವಿನ್ಯಾಸದಲ್ಲಿ ಕೆಲವು ಟೋಪಿಗಳನ್ನು ಮಗುಚಿ ಹಾಕಲೇಬೇಕು, ಹಾಗೆ ಮಗುಚಿದವು ಬಿಳಿಯಾಗಿ ಕಂಡು, ಎಲ್ಲೆಲ್ಲಿ ಕನ್ನಡಿ ಪ್ರತಿಬಿಂಬದ ಆಕಾರ ಬಂದಿದೆ ಎಂಬುದು ತಾನಾಗಿಯೇ ತಿಳಿಯುತ್ತಿತ್ತು.

ಅಪರಾಧದ ಇತಿಹಾಸಕ್ಕೆ ನಾನು ಆರಿಸಿದ್ದು ಬೆರಳಚ್ಚಿನ ವರ್ಗೀಕರಣ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಆರಂಭವಾದಾಗ ಈ ವಿಧಾನದ ಹೆಸರು ಆಗಿನ ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಗೆ ಸಂದರೂ ಲೆಕ್ಕದ ಕೆಲಸದಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸ್ ಅಧಿಕಾರಿಗಳ ಪಾಲು ದೊಡ್ಡದು. ಹತ್ತು ಬೆರಳುಗಳನ್ನು ಐದು ಜೋಡಿ ಮಾಡಿ, ಪ್ರತಿ ಜೋಡಿಯ ಒಂದೊಂದು ಬೆರಳನ್ನು ಒಂದೊಂದು ಸಾಲಿಗೆ ಸೇರಿಸಿ, ಸುಳಿ ಇರುವ ಬೆರಳಿಗೆ ಜೋಡಿಯ ಕ್ರಮದಂತೆ 16, 8, 4, 2, 1 ಎಂದು ಬೆಲೆ ಕೊಟ್ಟು, ಎರಡು ಸಾಲುಗಳ ಮೊತ್ತಕ್ಕೂ ಒಂದೊಂದು ಸೇರಿಸಿದರೆ ಪ್ರತಿ ಸಾಲಿಗೆ 1ರಿಂದ 32ರೊಳಗಿನ ಒಂದು ಸಂಖ್ಯೆ ಸಿಗುತ್ತದೆ. 32ನ್ನು 32ರಿಂದ ಗುಣಿಸಿದಾಗ ಬರುವ 1,024 ಗೂಡುಗಳಲ್ಲಿ ಯಾವುದೇ ವ್ಯಕ್ತಿಯ ಕಾಗದ ಎಲ್ಲಿರಬೇಕೆಂಬುದು ಗೊತ್ತಾಗುತ್ತದೆ. ಬೆರಳಚ್ಚಿನ ಸುಳಿ, ಕುಣಿಕೆ, ಕಮಾನುಗಳ ಚಿತ್ರಗಳು ಬಹಳ ಚೊಕ್ಕವಾಗಿ ಬಂದಿದ್ದವು, ಗೆರೆ ಗೆರೆಯೂ ಬಿಡಿಬಿಡಿಯಾಗಿ. ನನ್ನ ಪ್ರತಿಯಲ್ಲಿ ಅವುಗಳ ಪಕ್ಕ ಪುಸ್ತಕದಲ್ಲಿಲ್ಲದ ಹನ್ನೊಂದನೆಯ ಬೆರಳಚ್ಚೊಂದು ಎಣ್ಣೆಪಸೆಯಿಂದ ಹೊಳೆಯುತ್ತಿತ್ತು. ಬೆಣ್ಣೆದೋಸೆ ತಿಂದು ಕೈ ತೊಳೆಯದೆ ಬೈಂಡಿಂಗ್ ಮಾಡಿದವರು ಯಾರೆಂದು ಕಂಡುಹಿಡಿಯಲು ನಮ್ಮಲ್ಲಿ ಗೂಡುಗಳಿರಲಿಲ್ಲ.

ನಗಲಾಗದ ತಪ್ಪು ನಡೆದದ್ದು ಆರೋಗ್ಯದ ಲೇಖನದಲ್ಲಿ. ಕುಡಿಯುವ ನೀರಿನ ಫ್ಲೋರೈಡ್‌ನಿಂದ ಹಲ್ಲು ಮತ್ತು ಮೂಳೆಗಳಿಗೆ ಬರುವ ಕಾಯಿಲೆಯನ್ನು ಭಾರತದಲ್ಲಿ ಮೊದಲು ವಿವರಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಶಾರ್ಟ್ ಮತ್ತು ಜೊತೆಗಾರರು ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಬರೆದ ಆ ಲೇಖನ ಇಂದು ‘ಪಬ್‌ಮೆಡ್ ಸೆಂಟ್ರಲ್’ ಎಂಬ ವೈದ್ಯಕೀಯ ಲೇಖನಗಳ ಜಾಲಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆ. ಜಗಳೂರಿನ ಕಡೆಯವರಾದ ಗೆಳೆಯರೊಬ್ಬರು ಇದನ್ನು ಆರಿಸಿದ್ದಕ್ಕೆ ಕಾರಣ ಹೇಳಬೇಕಾಗಿಲ್ಲ. ಅವರ ಊರಿನ ಕೊಳವೆಬಾವಿಯ ನೀರೇ ಅವರಿಗೆ ಕಾರಣ. ಜೊತೆಗೆ ಅವರು ಇತ್ತೀಚಿನ ನೀರಿನ ಮಾನದಂಡದ ಒಂದು ಪುಟವನ್ನೂ ಸೇರಿಸಿದ್ದರು. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನದಂಡ. ಟೋನರ್ ಮುಗಿಯುತ್ತ ಬಂದಿದ್ದರಿಂದಲೋ ಉಳಿತಾಯದ ಮುದ್ರಣಕ್ಕೆ ಇಟ್ಟಿದ್ದರಿಂದಲೋ ಎರಡು ಪ್ರತಿಗಳಲ್ಲಿ ದಶಮಾಂಶದ ಚುಕ್ಕೆಗಳು ಮಾಯವಾಗಿದ್ದವು. 1.5 ಎಂಬುದು 15 ಆಗಿತ್ತು. ಇಬ್ಬರು ಒಂದು ಪುಟವನ್ನು ಒಂದು ಬಗೆಯಲ್ಲಿ, ಉಳಿದವರು ಇನ್ನೊಂದು ಬಗೆಯಲ್ಲಿ ಓದಿ ವಾದಕ್ಕಿಳಿದಾಗಲೇ ಇದು ಗೊತ್ತಾದದ್ದು. ಪ್ರಾಜೆಕ್ಟ್ ವರದಿಯಲ್ಲಿ ಹೀಗಾದರೆ ವಿದ್ಯಾರ್ಥಿಗೆ ಅಂಕ ಹೋಗಬಹುದು. ನೀರಿನ ಪರೀಕ್ಷೆಯ ವರದಿಯ ಪ್ರತಿಯಲ್ಲಿ ಹೀಗಾದರೆ ಏನೆಂದು ಯೋಚಿಸಿ. ದೂರಿದಾಗ ಅಂಗಡಿಯವರು ಸಮಜಾಯಿಷಿ ಕೊಡದೆ ಆ ಹತ್ತು ಪುಟಗಳನ್ನು ಮತ್ತೆ ತೆಗೆದುಕೊಟ್ಟರು. ಆದರೂ ಅಂಕಿ ಇರುವ ಪುಟವನ್ನು ಕೌಂಟರಿನಲ್ಲೇ ನಿಂತು ಮೂಲದೊಂದಿಗೆ ಹೋಲಿಸಿ ನೋಡದೆ ಹಣ ಕೊಡಬೇಡಿ ಎಂದೇ ನನ್ನ ಸಲಹೆ.

ಬೈಂಡಿಂಗ್ ಗಟ್ಟಿಯಾಗಿದೆ, ಕಟ್ಟಿಗೆ ನಲವತ್ತು ರೂಪಾಯಿ. ಪುಟ ತಿರುವಿದಾಗ ಕಿತ್ತುಬರುವುದಿಲ್ಲ. ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯುವುದು ಒಳ್ಳೆಯದು, ಏಕೆಂದರೆ ಪುಟಗಳ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ಸಮೀಕರಣಗಳ ಮೇಲಿನ ಸಣ್ಣ ಅಂಕಿಗಳು ಕಲಸಿಹೋಗುತ್ತವೆ. ಪ್ರಾಜೆಕ್ಟ್ ವರದಿಗಳ ಗಡುವಿನ ದಿನಗಳಲ್ಲಿ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ನಾವು ಮುಂದಿನ ತಿಂಗಳ ಕಟ್ಟನ್ನೂ ಅಲ್ಲಿಗೇ ಕೊಡುತ್ತಿದ್ದೇವೆ, ಬ್ರಹ್ಮಗಿರಿಯ ನಕ್ಷೆಯ ಎ3 ಪ್ರತಿಯೊಂದಿಗೆ. ಕೌಂಟರಿನ ಗಾಜಿನ ಕೆಳಗೆ, ಬೆಲೆಪಟ್ಟಿಯ ಪಕ್ಕದಲ್ಲಿ, ನಾವು ಕತ್ತರಿಸಿಕೊಟ್ಟ ಏಳು ಟೋಪಿಗಳನ್ನು ಈಗ ಅವರು ಜೋಡಿಸಿಟ್ಟಿದ್ದಾರೆ.