ಕೋವಿ ನಳಿಗೆ ಕ್ಲೀನಿಂಗ್: ಕೆಲಸಕ್ಕೆ ಫುಲ್ ಮಾರ್ಕ್, ಟೈಮಿಗೆ ಇಲ್ಲ

ಎಲೆಕ್ಷನ್ ಮುಗಿದು ಡೆಪಾಸಿಟ್ ಇಟ್ಟ ಲೈಸೆನ್ಸ್ ಕೋವಿ ವಾಪಸ್ ತಂದ ಮೇಲೆ ಕಾಸರಗೋಡು ಪೇಟೆಯ ಈ ರಿಪೇರಿ ಅಂಗಡಿಗೆ ಕೊಟ್ಟಿದ್ದೆ, ಬಾಯಿಂದ ಮದ್ದು ತುಂಬುವ ರೈಫಲ್. ಕೆಲಸ ಸೂಪರ್ ಮಾರಾಯ್ರೆ. ಫಸ್ಟಿಗೆ ಗಜ (ಮದ್ದು ಗುಂಡು ಒಳಗೆ ದೂಡುವ ಉದ್ದದ ಕೋಲು) ನಳಿಗೆ ಒಳಗೆ ಬಿಟ್ಟು, ಎಷ್ಟು ಇಳೀತು ಅಂತ ಹೊರಗಿನ ಉದ್ದಕ್ಕೆ ಹಿಡಿದು ನೋಡಿದ್ರು, ಹಳೇ ಈಡು (ತುಂಬಿದ ಮದ್ದು ಗುಂಡು) ಒಳಗೇ ಉಳ್ದಿದ್ಯಾ ಅಂತ, ಆಮೇಲೆ ಕೇಪು (ಮದ್ದಿಗೆ ಕಿಡಿ ಕೊಡುವ ಸಣ್ಣ ಟೊಪ್ಪಿ) ಇಡುವ ನಿಪ್ಪಲ್ ಬಿಚ್ಚಿ ನಳಿಗೆಯ ಬುಡ ಬಕೆಟಲ್ಲಿ ಇಟ್ಟು ಬಿಸಿ ಸೋಪು ನೀರಲ್ಲಿ ಗಜಕ್ಕೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಎಳೆದ್ರು, ನೀರು ಕಪ್ಪು ಮಸಿ ಹಾಗೆ ಬಂತು, ಬಟ್ಟೆ ಬೆಳ್ಳಗೆ ಬರುವ ತನಕ ಬಿಡ್ಲಿಲ್ಲ. ಒಣಗಿಸಿದ ಮೇಲೇ ಎಣ್ಣೆ. ಕರಿಮದ್ದಿನ ಕಿಟ್ಟ ಗಾಳಿಯ ತೇವ ಎಳೀತದೆ, ನಮ್ಮ ಮಳೆಗಾಲಕ್ಕೆ ತುಕ್ಕು ಹಿಡೀಲಿಕ್ಕೆ ಎಷ್ಟು ಹೊತ್ತು! ಬರೀ ಎಣ್ಣೆ ಉಜ್ಜಿದ್ರೆ ಹೋಗುವ ಜಾತಿಯಲ್ಲ ಅದು.

ಗುಂಡಿನ ವಿಷಯವೂ ಸರಿಯಾಗಿ ಹೇಳಿದ್ರು. ನನ್ನ ನಳಿಗೆಯ ಒಳಗಿನ ಅಗಲ .50 ಇಂಚು, ಗುಂಡು ತಿರುಗಿ ಹೋಗ್ಲಿಕ್ಕೆ ಒಳಗೆ ಕೊರೆದ ಗೆರೆಗಳ ತಿರುವು 48 ಇಂಚಿಗೆ ಒಂದು ಸುತ್ತು, ಅದಕ್ಕೆ .490 ಇಂಚಿನ ಮೆದು ಸೀಸದ ಉರುಟು ಗುಂಡು, ಬಟ್ಟೆ ಪ್ಯಾಚ್ ಸಮೇತ. 28 ಇಂಚಿಗೇ ಒಂದು ಸುತ್ತು ಇದ್ರೆ ಉದ್ದದ ಗುಂಡು ಬೇಕಂತೆ. ತಿರುವೇ ಇಲ್ಲದ ನಾಡಕೋವಿಗೆ ಈ ಲೆಕ್ಕ ಯಾವ್ದೂ ಇಲ್ಲ, ಉರುಟು ಗುಂಡೋ ಚರೆಯೋ (ಸಣ್ಣ ಸೀಸದ ಕಾಳು) ಅಷ್ಟೆ.

ಒಂದೇ ತಕರಾರು, ನಾಳೆ ಬನ್ನಿ ನಾಡಿದ್ದು ಬನ್ನಿ ಅಂತ ಓಡಾಡಿಸ್ತಾರೆ, ಅಡಿಕೆ ತೋಟಕ್ಕೆ ಹಂದಿ ನುಗ್ಗುವ ಸಮಯದಲ್ಲಿ ಅದು ಕಷ್ಟ. ಲೈಸೆನ್ಸ್ ಪುಸ್ತಕ ತಕೊಂಡೇ ಹೋಗಿ, ಇಲ್ಲದಿದ್ರೆ ಮುಟ್ಟೂದೂ ಇಲ್ಲ. ಆದಿತ್ಯವಾರ ರಜೆ.