ಹಳೆಯ ‘ಅಡಿಕೆ ಪತ್ರಿಕೆ’: ಬೈಂಡ್ ಮಾಡಿದ ಸಂಪುಟವೋ, ಬಿಡಿ ಸಂಚಿಕೆಯೋ?

1988ರಲ್ಲಿ ಪುತ್ತೂರಿನಲ್ಲಿ ಶುರುವಾದ ಈ ಕೃಷಿ ಮಾಸಿಕವನ್ನು ಓದಲೆಂದೇ ಕೂಡಿಸುವವರಿಗೆ ಬೈಂಡ್ ಮಾಡಿದ ಸಂಪುಟ ಸಾಕು. ಇಡೀ ವರ್ಷದ ಸಂಚಿಕೆಗಳು ಒಟ್ಟಿಗೆ ಸಿಗುತ್ತವೆ. ಆದರೆ ಅಂಚು ಕತ್ತರಿಸುವಾಗ ಪುಟಸಂಖ್ಯೆ ಹಾರಿಹೋಗಿರಬಹುದು, ರಕ್ಷಾಪುಟ ಕಿತ್ತಿರಬಹುದು. ಕೊಳ್ಳುವ ಮೊದಲು ಪುಟ ಎಣಿಸಿ. ಬೆನ್ನಿಗೆ ಮೈದಾ ಅಂಟು ಹಾಕಿದ್ದರೆ ಸಂದಿಯಲ್ಲಿ ಹುಳ ಇದೆಯೇ ನೋಡಿ.

ಹಳೆಯ ಜಾಹೀರಾತು, ಮುಖಪುಟ ಬೇಕೆಂದರೆ ಬಿಡಿ ಸಂಚಿಕೆಯೇ ಸರಿ. ಅದರ ಶತ್ರು ಪಿನ್ನು. ಕರಾವಳಿಯ ತೇವಕ್ಕೆ ತುಕ್ಕು ಹಿಡಿದು ನಡುಹಾಳೆಯನ್ನೇ ತಿನ್ನುತ್ತದೆ. ನಡುಪುಟ ತೆರೆದು, ಪಿನ್ನಿನ ಕಾಲುಗಳನ್ನು ಮೊಂಡು ಚಾಕುವಿನಿಂದ ನಿಧಾನವಾಗಿ ಎತ್ತಿ ನೆಟ್ಟಗೆ ಮಾಡಿ, ಬೆನ್ನಿನ ಕಡೆಯಿಂದ ಎಳೆಯಿರಿ. ಅದೇ ತೂತುಗಳಲ್ಲಿ ಹತ್ತಿಯ ದಾರ ಪೋಣಿಸಿ ಸಡಿಲವಾಗಿ ಗಂಟು ಹಾಕಿ. ಬಿಗಿದರೆ ಕಾಗದ ಹರಿಯುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಬೇಡವೇ ಬೇಡ, ಅದರ ಅಂಟು ಹಳದಿ ಕಲೆಯಾಗಿ ಅಕ್ಷರದ ಮೇಲೇ ಉಳಿಯುತ್ತದೆ.