ಹಳೇ ಬೆಳ್ಳಿ ಪಾತ್ರೆಯನ್ನು ಪಾಲಿಶ್‌ಗೆ ಕೊಡುವ ಮುಂಚೆ ಠಸ್ಸೆಯ ಫೋಟೋ ತೆಗೆದುಕೊಳ್ಳಿ

ಬೆಳಗಾವಿ, ಖಾನಾಪುರ ಕಡೆ ಒಬ್ಬ ಆಂಟಿಕ್ ವ್ಯಾಪಾರಿ ತಿರುಗುತ್ತಿದ್ದಾನೆ. ಚರ್ಚಿನ ಹಳೇ ಬೆಳ್ಳಿ ಸಾಮಾನು ಯಾರು ಮಾಡಿದ್ದು ಅಂತ ಹುಡುಕಿ ಸರ್ಟಿಫಿಕೇಟ್ ಕೊಡ್ತೀನಿ ಅಂತಾನೆ. ಅವನ ಕೈಗೆ ಏನನ್ನೂ ಕೊಡಬೇಡಿ.

ನಮ್ಮದು ಚರ್ಚಿನ ಬಲಿಪೂಜೆಯಲ್ಲಿ ದ್ರಾಕ್ಷಾರಸ ಇಡುವ ಪಾನಪಾತ್ರೆ. ಫಾದರ್ ಆಗಿದ್ದ ಕಾಕಾ ಅವರದ್ದು. ಅವರು ತೀರಿಕೊಂಡ ಮೇಲೆ ಚರ್ಚಿಗೇ ಕೊಡೋಣ ಅಂತ ಮಾತಾಗಿತ್ತು. ಅದಕ್ಕೂ ಮೊದಲು ಮಾಡಿದವರ ಹೆಸರು ತಿಳಿಯಲಿ ಅಂತ ಅಣ್ಣ ಇವನಿಗೆ ಕೊಟ್ಟರು.

ವಾಪಸ್ ಬಂದ ಪಾತ್ರೆ ಫಳಫಳ ಹೊಳೆಯುತ್ತಿತ್ತು. ಕೇಳದೇ ಉಜ್ಜಿ ಹೊಳಪು ಕೊಡುವ ಬಫ್ ಮಷಿನ್‌ಗೆ ಹಿಡಿದಿದ್ದ. ಒಳಗಿನ ಚಿನ್ನದ ಲೇಪ ಅರ್ಧ ಮಾಯ. ಪಾದದ ಅಂಚನ್ನು ಅರದಿಂದ ಉಜ್ಜಿ, ಬೆಳ್ಳಿ ಎಷ್ಟಿದೆ ಅಂತ ನೋಡಲು ಆಸಿಡ್ ಬೇರೆ ಬಿಟ್ಟಿದ್ದ. ಸರ್ಟಿಫಿಕೇಟ್‌ನಲ್ಲಿ "ಲಂಡನ್, ವಿಕ್ಟೋರಿಯಾ ರಾಣಿ ಕಾಲ" ಅಂತ ಬರೆದು, ಜೊತೆಗೊಂದು ದೊಡ್ಡ ಇಂಗ್ಲಿಷ್ ಕಂಪನಿಯ ಹೆಸರು. ಯಾಕೆ ಅಂದರೆ ಠಸ್ಸೆಯಲ್ಲಿ, ಅಂದರೆ ಬೆಳ್ಳಿಗೆ ಒತ್ತಿದ ಪುಟ್ಟ ಮುದ್ರೆಯಲ್ಲಿ, ಒಂದು ತಲೆ ಇದೆ, ಅದು ರಾಣಿಯದಂತೆ.

ಭೂತಗನ್ನಡಿ ಹಿಡಿದು ನೋಡಿದರೆ ಆ ತಲೆಗೆ ಯುದ್ಧದ ಶಿರಸ್ತ್ರಾಣ! ಅದು ರೋಮನ್ನರ ಮಿನರ್ವಾ ದೇವತೆ. 1838ರಿಂದ ಫ್ರಾನ್ಸಿನಲ್ಲಿ ಬೆಳ್ಳಿಗೆ ಒತ್ತಿದ ಸರ್ಕಾರಿ ಗುರುತು. ತಲೆಯ ಪಕ್ಕ 1 ಇದ್ದರೆ ಸಾವಿರಕ್ಕೆ 950 ಪಾಲು ಬೆಳ್ಳಿ, 2 ಇದ್ದರೆ 800. ನಮ್ಮದರಲ್ಲಿ 1 ಚೆನ್ನಾಗೇ ಕಾಣುತ್ತಿದೆ, ಆಸಿಡ್ ಯಾಕೆ ಬೇಕಿತ್ತು? ಇಂಗ್ಲೆಂಡಿನ ಬೆಳ್ಳಿಯಲ್ಲೂ 1784ರಿಂದ 1890ರವರೆಗೆ ರಾಜ ಅಥವಾ ರಾಣಿಯ ತಲೆ ಇರುತ್ತಿತ್ತು ನಿಜ, ಅದು ಸುಂಕ ಕಟ್ಟಿದ್ದಕ್ಕೆ. ಆದರೆ ಅದರ ಜೊತೆಗೆ ನಡೆಯುತ್ತಿರುವ ಸಿಂಹದ ಚಿತ್ರ, ವರ್ಷ ತಿಳಿಸುವ ಅಕ್ಷರ, ಊರಿನ ಗುರುತು ಎಲ್ಲ ಇರಬೇಕಲ್ವಾ? ಲಂಡನ್‌ಗೆ ಚಿರತೆ ಮುಖ, ಬರ್ಮಿಂಗ್‌ಹ್ಯಾಮ್‌ಗೆ ಲಂಗರು. ಇಲ್ಲಿ ಒಂದೂ ಇಲ್ಲ.

ಹೊಟ್ಟೆ ಉರಿಯೋದು ಇದಕ್ಕೆ. ಫ್ರಾನ್ಸಿನಲ್ಲಿ ಮಾಡಿದವರ ಗುರುತು ಕಾಜು ಕತ್ಲಿ ಆಕಾರದ ಪುಟ್ಟ ಚೌಕಟ್ಟಿನಲ್ಲಿರುತ್ತದೆ. ಒಳಗೆ ಹೆಸರಿನ ಅಕ್ಷರಗಳು, ಜೊತೆಗೊಂದು ಚಿಕ್ಕ ಚಿತ್ರ. ಅದೇ ಅಕ್ಷರ ಇಟ್ಟುಕೊಂಡವರು ಬೇರೆಯವರೂ ಇರಬಹುದು, ಚಿತ್ರ ನೋಡಿಯೇ ಇಂಥವರದು ಅಂತ ಹೇಳಬೇಕು. ಆ ಚೌಕಟ್ಟೇ ಬಫ್‌ಗೆ ಸವೆದುಹೋಗಿದೆ. ಅಣ್ಣನ ಮಗಳು ಮೊದಲೇ ತೆಗೆದಿದ್ದ ಫೋಟೋದಲ್ಲಿ ಅಕ್ಷರ ಓದಬಹುದು, ಚಿತ್ರ ಮಸುಕು.

ಕೇಳಿದರೆ "ಬೇಡವಾದ್ರೆ ನಾನೇ ತಗೋತೀನಿ" ಅಂದ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆ ಪ್ರಕಾರ ಪುರಾವಸ್ತು, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಲೈಸೆನ್ಸ್ ತೋರಿಸಿ ಅಂದಿದ್ದೇ ತಡ, ಫೋನ್ ಎತ್ತೋದು ಬಿಟ್ಟ.

ನಿಮ್ಮಲ್ಲಿ ಇಂಥದ್ದಿದ್ದರೆ ಟಾರ್ಚ್ ಬೆಳಕು ಓರೆಯಾಗಿ ಬಿಟ್ಟು, ಹತ್ತಿರದಿಂದ ಫೋಟೋ ತೆಗೆಯಿರಿ. ಬಟ್ಟಲು, ಕಾಂಡ, ಪಾದ ಎಷ್ಟೋ ಸಲ ಬೇರೆ ಬೇರೆ ತುಂಡು, ತಿರುಪಿನಿಂದ ಕೂಡಿಸಿರುತ್ತಾರೆ. ಹಾಗಾಗಿ ಬಟ್ಟಲಿನ ಅಂಚು, ಪಾದದ ಅಂಚು ಎರಡರಲ್ಲೂ ಠಸ್ಸೆ ಹುಡುಕಿ. ಎರಡೂ ಕಡೆ ಬೇರೆ ಬೇರೆ ಗುರುತಿದ್ದರೆ, ಯಾವಾಗಲೋ ಒಂದು ಭಾಗ ಬದಲಾಗಿರಬಹುದು. ಬೆಳ್ಳಿ ಎಷ್ಟಿದೆ ಅಂತ ನೋಡಲೇಬೇಕು ಅಂದರೆ, ಗೀರದೇ ಎಕ್ಸ್‌ರೇಯಿಂದ ಅಳೆಯುವ ಮಷಿನ್ ಇಟ್ಟುಕೊಂಡ ಸರಾಫರ ಹತ್ತಿರ ಹೋಗಿ, ನೀವೂ ಎದುರಿಗೇ ನಿಂತಿರಿ. ಚಿನ್ನದ ಲೇಪ ಇಲ್ಲದ ಜಾಗದಲ್ಲೇ ಅಳೆಯಲು ಹೇಳಿ.